ಹಸಿರು ಹೋಯಿತು, ನೀಲಿ ಉಳಿಯಿತು

ಓದುಗರ ಪ್ರಶ್ನೆ, ಕತ್ತಲೆ ಕೋಣೆಯ ಉತ್ತರ

ಹೊಸ ಓದುಗರಿಗೆ ಒಂದು ಮಾತು: ಈ ಪುಟದಲ್ಲಿ ಉತ್ತರ ಬರೆಯುವ ನಾನು ವಿಜ್ಞಾನಿಯಲ್ಲ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯ ಮೈಕ್ರೊಸ್ಕೋಪ್ ಕೋಣೆಯಲ್ಲಿ 31 ವರ್ಷ ಟೆಕ್ನಿಷಿಯನ್ ಆಗಿದ್ದವಳು. ಕಿಟಕಿಯಿಲ್ಲದ ಕೋಣೆ. ಹೊರಗೆ ಮಳೆ ಬಂದಿದ್ದು ಸಂಜೆ ಬಸ್‌ಸ್ಟಾಪಿಗೆ ಹೊರಟಾಗಲೇ ಗೊತ್ತಾಗುತ್ತಿತ್ತು. ಈ ಸಲದ ಪತ್ರಗಳನ್ನು ಹರಡಿಕೊಂಡು ಕೂತರೆ ಹೆಚ್ಚಿನವರದು ಒಂದೇ ದೂರು, ಸ್ಲೈಡಿಗೆ ಹಾಕಿದ, ಬೆಳಕು ಬಿಟ್ಟರೆ ಹೊಳೆಯುವ ಬಣ್ಣ ಹೋಯಿತು ಅಂತ.

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆಂದು ಇಲಿಯ ಜೀವಕೋಶಗಳಿಗೆ ಮೂರು ಬಣ್ಣ ಹಾಕಿದ್ದೆ. ನ್ಯೂಕ್ಲಿಯಸ್ಸಿಗೆ ಡ್ಯಾಪಿ, ಅದು ನೀಲಿ. ಕೋಶದೊಳಗಿನ ಕೊಳವೆಗಳ ಪ್ರೋಟೀನು ಟ್ಯೂಬುಲಿನ್‌ಗೆ ಎಫ್‌ಐಟಿಸಿ ಎಂಬ ಬಣ್ಣ ಕೂಡಿಸಿದ ಆಂಟಿಬಾಡಿ, ಅದು ಹಸಿರು. ಅಲ್ಲಿನ ಎಳೆಗಳ ಪ್ರೋಟೀನು ಆಕ್ಟಿನ್‌ಗೆ ರೋಡಮಿನ್ ಫ್ಯಾಲಾಯ್ಡಿನ್, ಅದು ಕೆಂಪು. ಗ್ಲಿಸರಾಲ್ ಮತ್ತು ಪಿಬಿಎಸ್ ಎಂಬ ಉಪ್ಪಿನ ದ್ರಾವಣ ಬೆರೆಸಿ ಮೌಂಟ್ ಮಾಡಿ, ಅಂದರೆ ಕವರ್‌ಸ್ಲಿಪ್ ಎಂಬ ತೆಳು ಗಾಜು ಮುಚ್ಚಿ, ಅಂಚಿಗೆ ನೈಲ್ ಪಾಲಿಶ್ ಹಚ್ಚಿ ಫ್ರಿಡ್ಜಿನಲ್ಲಿಟ್ಟೆ. ಮೊದಲ ದಿನ ದೀಪಾವಳಿಯಂತೆ ಕಂಡಿತು. ನಮ್ಮ ಗೈಡ್ ಸರ್ ಊರಿನಲ್ಲಿರಲಿಲ್ಲ, ಮೂರು ವಾರ ಬಿಟ್ಟು ಬಂದರು. ಅವರ ಮುಂದೆ ತೆಗೆದಿಟ್ಟರೆ ಹಸಿರು ಇಲ್ಲವೇ ಇಲ್ಲ, ಕೆಂಪು ಮಸುಕು, ನೀಲಿ ಮಾತ್ರ ಹಾಗೇ ಇದೆ. ‘ಸ್ಟೇನ್ ಸರಿಯಾಗಿ ಮಾಡಿಲ್ಲ’ ಎಂದರು. ಫ್ರಿಡ್ಜಿನಲ್ಲಿಟ್ಟರೂ ಹೀಗೇಕೆ? ನಾನು ಪ್ರತಿದಿನ ಸಂಜೆ ತೆಗೆದು, ಚೆನ್ನಾಗಿದೆಯಾ ಅಂತ ನೋಡಿ ಇಡುತ್ತಿದ್ದೆ.
— ಒಬ್ಬ ವಿದ್ಯಾರ್ಥಿನಿ, ಮತ್ತಿಕೆರೆ

ಉತ್ತರ: ನೋಡಮ್ಮ, ಉತ್ತರ ನಿನ್ನ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಪ್ರತಿದಿನ ಸಂಜೆ ತೆಗೆದು ನೋಡುತ್ತಿದ್ದೆ ಅಂದೆಯಲ್ಲ, ಹಸಿರು ಹೋಗಿದ್ದು ಅಲ್ಲಿಯೇ. ಫ್ರಿಡ್ಜನ್ನು ಬಯ್ಯಬೇಡ.

ಮದುವೆಮನೆಯಿಂದ ಬಂದ ಸೀರೆಗೆ ಅರಿಶಿನ ತಾಗಿದ್ದರೆ ನಮ್ಮಮ್ಮ ಸೋಪು ಹಾಕಿ ಉಜ್ಜಲು ಬಿಡುತ್ತಿರಲಿಲ್ಲ. ಉಜ್ಜಿದರೆ ಕಲೆ ಕೆಂಪಾಗುತ್ತದೆ, ಅಷ್ಟೇ. ನೀರಲ್ಲಿ ಜಾಲಿಸಿ ತಾರಸಿಯ ತಂತಿಗೆ ಹಾಕಿದರೆ ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಬಿಸಿಲೇ ಕಲೆಯನ್ನು ತಿಂದಿರುತ್ತಿತ್ತು. ನಿನ್ನ ಎಫ್‌ಐಟಿಸಿಗೂ ಆಗಿದ್ದು ಇದೇ. ಬಿಸಿಲಿನ ಜಾಗದಲ್ಲಿ ಮೈಕ್ರೊಸ್ಕೋಪಿನ ದೀಪ. ಅದರ ಬೆಳಕನ್ನು ಲೆನ್ಸ್ ಒಂದು ಚುಕ್ಕೆಗಿಂತ ಚಿಕ್ಕ ಜಾಗಕ್ಕೆ ಒಟ್ಟುಮಾಡಿ ಸುರಿಯುತ್ತದೆ, ತಾರಸಿಯ ಬಿಸಿಲು ಅದರ ಮುಂದೆ ಏನೂ ಅಲ್ಲ.

ಒಳಗೆ ನಡೆಯುವುದು ಹೀಗೆ. ಎಫ್‌ಐಟಿಸಿಯ ಅಣು 495 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕು ನುಂಗುತ್ತದೆ, 519ರ ಆಸುಪಾಸಿನ ಹಸಿರು ಬೆಳಕು ಬಿಡುತ್ತದೆ. ನುಂಗಿದ್ದಕ್ಕೂ ಬಿಟ್ಟಿದ್ದಕ್ಕೂ ನಡುವೆ ಸುಮಾರು 4 ನ್ಯಾನೊಸೆಕೆಂಡು. ಹೆಚ್ಚಿನ ಸಲ ಇದು ಸರಾಗವಾಗಿ ಸಾಗುತ್ತದೆ. ಆಗೊಮ್ಮೆ ಈಗೊಮ್ಮೆ ಅಣು ದಾರಿ ತಪ್ಪಿ ಟ್ರಿಪ್ಲೆಟ್ ಎಂಬ ಸ್ಥಿತಿಗೆ ಜಾರುತ್ತದೆ. ಅಲ್ಲಿ ಮೈಕ್ರೊಸೆಕೆಂಡುಗಟ್ಟಲೆ, ಕೆಲವೊಮ್ಮೆ ಮಿಲಿಸೆಕೆಂಡುಗಟ್ಟಲೆ ಕೂತುಬಿಡುತ್ತದೆ. ಅಷ್ಟು ಪುರುಸೊತ್ತು ಸಿಕ್ಕರೆ ಪಕ್ಕದಲ್ಲಿರುವ ಆಮ್ಲಜನಕ ಸುಮ್ಮನಿರುತ್ತದೆಯೇ? ಅದರ ಜೊತೆ ಸೇರಿ ಅಣುವಿನ ಕಟ್ಟೇ ಮುರಿಯುತ್ತದೆ. ಮುರಿದದ್ದು ಮತ್ತೆ ಹೊಳೆಯುವುದಿಲ್ಲ. ಎಫ್‌ಐಟಿಸಿ ಸೇರಿದ ಫ್ಲೋರೊಸೀನ್ ಜಾತಿಯ ಒಂದು ಅಣು ಸಾಯುವ ಮೊದಲು ಕೆಲವು ಹತ್ತು ಸಾವಿರ ಫೋಟಾನ್ ಕೊಡಬಲ್ಲದು. ಅದರ ಆಯುಷ್ಯ ಅಷ್ಟೇ. ಗೈಡ್ ನೋಡುವಾಗ ಖರ್ಚಾದರೂ ಖರ್ಚೇ, ನೀನು ‘ಇದೆಯಾ’ ಅಂತ ಇಣುಕುವಾಗ ಖರ್ಚಾದರೂ ಖರ್ಚೇ.

ನಾನೂ ಕಲಿತದ್ದು ಕೆಡಿಸಿಯೇ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಪಾದರಸದ ದೀಪದ ಕಾಲ. ಆ ದೀಪ ಆರಿಸಿದರೆ ತಣ್ಣಗಾಗುವವರೆಗೆ ಮತ್ತೆ ಹಚ್ಚುವಂತಿಲ್ಲ. ಹಾಗಾಗಿ ಉರಿಯಲು ಬಿಟ್ಟು, ಶಟರ್ ಮುಚ್ಚಿ ಹೊರಗೆ ಹೋಗುವುದು ರೂಢಿ. ಒಂದು ದಿನ ಶಟರ್ ಮುಚ್ಚುವುದನ್ನು ಮರೆತು ಗೆಳತಿಯ ಜೊತೆ ಬೈಟು ಕಾಫಿಗೆ ಹೋದೆ. ಕಾಫಿ ಅಂದಮೇಲೆ ಮಾತು, ಇಪ್ಪತ್ತು ನಿಮಿಷ. ವಾಪಸು ಬಂದು 40ರ ಲೆನ್ಸಿನಲ್ಲಿ ನೋಡಿದರೆ ಏನೂ ಇಲ್ಲ. 10ರ ಲೆನ್ಸಿಗೆ ತಿರುಗಿಸಿದೆ. ಸುತ್ತಲೂ ಹಸಿರು ಕೋಶಗಳು, ನಡುವೆ ಗುಂಡಗೆ ಕಪ್ಪು. ಬಿಸಿ ಲೋಟ ಇಟ್ಟ ಮರದ ಮೇಜಿನ ಮೇಲೆ ಗುರುತು ಉಳಿಯುತ್ತದಲ್ಲ, ಹಾಗೆ. ಆ ಸ್ಲೈಡು ಒಬ್ಬರ ಎರಡು ತಿಂಗಳ ಕೆಲಸ. ಅವರು ಬಯ್ಯಲಿಲ್ಲ, ಅದೇ ಹೆಚ್ಚು ನೋವಾಯಿತು. ಮಾರನೇ ದಿನ ಶಟರಿನ ಗುಬುಟಿಗೆ ಕೆಂಪು ಟೇಪು ಸುತ್ತಿದೆ. ನಿವೃತ್ತಳಾಗುವವರೆಗೆ ಮೈಕ್ರೊಸ್ಕೋಪ್ ಎಷ್ಟು ಬದಲಾದರೂ ಆ ಟೇಪು ಬದಲಾಗಲಿಲ್ಲ.

ಹಾಗಾಗಿ ಮುಂದಿನ ಸಲ ಮೊದಲ ದಿನವೇ ಫೋಟೊ ತೆಗೆ. ಗೈಡ್ ಬರಲಿ ಅಂತ ಕಾಯಬೇಡ, ಅವರಿಗೆ ತೋರಿಸಬೇಕಾದದ್ದು ಫೋಟೊ; ಸ್ಲೈಡು ಅದಕ್ಕೆ ಸಾಕ್ಷಿ ಅಷ್ಟೇ. ಜಾಗ ಹುಡುಕುವುದನ್ನು ಸಾಧಾರಣ ಬೆಳಕಿನಲ್ಲಿ, ಫೇಸ್ ಕಾಂಟ್ರಾಸ್ಟ್‌ನಲ್ಲಿ ಮಾಡು. ಫೋಕಸ್ ಕೂಡಿಸುವುದನ್ನು ನಿನಗೆ ಬೇಡವಾದ ಮೂಲೆಯ ಕೋಶಗಳ ಮೇಲೆ ಮಾಡಿ, ಆಮೇಲೆ ಬೇಕಾದ ಜಾಗಕ್ಕೆ ಸರಿಸು. ದೀಪವನ್ನು ತಗ್ಗಿಸಿ ಕ್ಯಾಮೆರಾಕ್ಕೆ ಒಂದೆರಡು ಸೆಕೆಂಡು ಹೆಚ್ಚು ಕೊಡು. ಕಣ್ಣಿಗೆ ಝಗಮಗ ಕಾಣಬೇಕೆಂಬ ಆಸೆ ಬಿಡು. ಫೋಟೊ ತೆಗೆಯುವಾಗ ಮೊದಲು ಕೆಂಪು, ಆಮೇಲೆ ಹಸಿರು, ಕೊನೆಗೆ ನೀಲಿ. ಎಲ್ಲರೂ ತಿರುವುಮುರುವು ಮಾಡುತ್ತಾರೆ, ನ್ಯೂಕ್ಲಿಯಸ್ ಸುಲಭವಾಗಿ ಕಾಣುತ್ತದಲ್ಲ ಅಂತ. ಡ್ಯಾಪಿಗೆ ಬೇಕಾದ್ದು 358 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಬೆಳಕು, ಅದು ಉಳಿದ ಬಣ್ಣಗಳನ್ನೂ ಸುಡುತ್ತದೆ. ಜೊತೆಗೆ ಆ ಬೆಳಕು ಜಾಸ್ತಿ ಬಿದ್ದ ಡ್ಯಾಪಿ ತನ್ನ ಸ್ವಭಾವ ಬದಲಿಸಿ ಹಸಿರು ಫಿಲ್ಟರಿನಲ್ಲೂ ಕಾಣಿಸಿಕೊಳ್ಳತೊಡಗುತ್ತದೆ. ನ್ಯೂಕ್ಲಿಯಸ್ಸಿನಲ್ಲಿ ಟ್ಯೂಬುಲಿನ್ ಸಿಕ್ಕಿತು ಅಂತ ಕುಣಿದಾಡಿದವರನ್ನು ನಾನು ನೋಡಿದ್ದೇನೆ.

ಇನ್ನು ಮೌಂಟ್ ಮಾಡುವ ದ್ರವ. ಬರೀ ಗ್ಲಿಸರಾಲಿನಲ್ಲಿ ಆಂಟಿಫೇಡ್ ಇಲ್ಲ, ಅದು ನಿನ್ನ ಎರಡನೇ ತಪ್ಪು. ಆಂಟಿಫೇಡ್ ಅಂದರೆ ಆಮ್ಲಜನಕದ ಕಿಡಿಗೇಡಿ ರೂಪಗಳನ್ನು ಬಣ್ಣಕ್ಕಿಂತ ಮುಂಚೆ ತಾನು ಹಿಡಿದುಕೊಳ್ಳುವ ವಸ್ತು. ರೆಡಿಮೇಡ್ ಸಿಗುತ್ತದೆ, ವೆಕ್ಟಾಶೀಲ್ಡ್, ಪ್ರೋಲಾಂಗ್ ಗೋಲ್ಡ್ ಅಂತೆಲ್ಲ. ಚೆನ್ನಾಗಿವೆ, ಬೆಲೆಯೂ ಚೆನ್ನಾಗಿದೆ. ಎಂ.ಎಸ್ಸಿ. ಪ್ರಾಜೆಕ್ಟಿನ ದುಡ್ಡಿಗೆ ಕೈಯಲ್ಲೇ ಮಾಡಿಕೊಳ್ಳುವುದು ವಾಸಿ.

ಹಳೆಯ ಮದ್ದು ಪ್ಯಾರಾ ಫಿನೈಲಿನ್ ಡೈಅಮೀನ್, ನಾವು ಪಿಪಿಡಿ ಅನ್ನುತ್ತಿದ್ದೆವು. ಇದು ಎಫ್‌ಐಟಿಸಿಯನ್ನು ಕಾಯುತ್ತದೆಂದು ಪ್ರಕಟವಾದದ್ದು 1981ರಲ್ಲಿ. ಕೂದಲಿಗೆ ಹಚ್ಚುವ ಕಪ್ಪು ಡೈನಲ್ಲಿ ಇರುವುದೂ ಇದೇ. ಡೈ ಹಚ್ಚಿ ಮುಖ ಊದಿಸಿಕೊಂಡ ಚಿಕ್ಕಪ್ಪ ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಕೆಲಸದಲ್ಲಿ ಜೋರು, ಆದರೆ ವಿಷ. ಬೆಳಕು ಗಾಳಿ ತಾಗಿದರೆ ಕಂದಾಗುತ್ತದೆ, ಕಂದಾದದ್ದನ್ನು ಬಳಸಿದರೆ ಸ್ಲೈಡೇ ಕೊಳಕು. ಸೈ2 ಎಂಬ ಬಣ್ಣಕ್ಕಂತೂ ಇದು ಆಗಿಬರುವುದೇ ಇಲ್ಲ. 1982ರಲ್ಲಿ ಎನ್-ಪ್ರೊಪೈಲ್ ಗ್ಯಾಲೇಟ್ ಬಂತು. ಎಣ್ಣೆ, ಕೊಬ್ಬು ಕಮಟಾಗದಿರಲಿ ಅಂತ ತಿನ್ನುವ ಪದಾರ್ಥಗಳಿಗೆ ಹಾಕುವ ವಸ್ತುವೇ ಅದು. ಕರಗುವುದು ನಿಧಾನ; ಗ್ಲಿಸರಾಲಿನಲ್ಲಿ ಬೆಚ್ಚಗಿಟ್ಟು ರಾತ್ರಿಯಿಡೀ ತಿರುಗಿಸಬೇಕು. ಇಂಥ ಮದ್ದು ಹಾಕಿದಾಗ ಮೊದಲ ಹೊಳಪು ಒಂಚೂರು ತಗ್ಗಬಹುದು, ಹೆದರಬೇಡ, ತಗ್ಗಿದ್ದು ತಾಳುತ್ತದೆ.

ನನ್ನ ಕೈಗೆ ಕೂತದ್ದು ಮಾತ್ರ ಮೋವಿಯಾಲ್. ಪಾಲಿವಿನೈಲ್ ಆಲ್ಕೊಹಾಲ್, ಅಂದರೆ ಗೋಂದಿನ ನಂಟ. ಮೋವಿಯಾಲ್ 4-88 ಪುಡಿ 2.4 ಗ್ರಾಂ, ಗ್ಲಿಸರಾಲ್ 6 ಗ್ರಾಂ ಕಲಸು. 6 ಮಿ.ಲೀ. ನೀರು ಹಾಕಿ ಕೆಲವು ಗಂಟೆ ನೆನೆಯಲು ಬಿಡು. ಪಿಎಚ್ 8.5ರ 0.2 ಮೋಲಾರ್ ಟ್ರಿಸ್ ಬಫರ್ 12 ಮಿ.ಲೀ. ಸೇರಿಸಿ 50 ಡಿಗ್ರಿ ನೀರಿನಲ್ಲಿಟ್ಟು ನಡುನಡುವೆ ಕೈಯಾಡಿಸು. ಕರಗದ ಗಂಟುಗಳನ್ನು ಸೆಂಟ್ರಿಫ್ಯೂಜ್ ಮಾಡಿ ಬಿಡು. ಕೊನೆಗೆ ಡಾಬ್ಕೊ ಎಂಬ ಆಂಟಿಫೇಡ್ ಶೇಕಡಾ 2.5ರಷ್ಟು. ಚಿಕ್ಕ ಚಿಕ್ಕ ಟ್ಯೂಬುಗಳಿಗೆ ಹಂಚಿ ಮೈನಸ್ 20ರಲ್ಲಿಡು. ಒಮ್ಮೆ ಕರಗಿಸಿದ ಟ್ಯೂಬನ್ನು ಮತ್ತೆ ಫ್ರೀಜ್ ಮಾಡಬೇಡ. ರಾತ್ರಿ ಮೌಂಟ್ ಮಾಡಿದರೆ ಬೆಳಿಗ್ಗೆಗೆ ಗಟ್ಟಿ. ಒಂದು ತೊಡಕಿದೆ: ಗಟ್ಟಿಯಾಗುವಾಗ ಅದು ಕುಗ್ಗುತ್ತದೆ, ದಪ್ಪ ಅಂಗಾಂಶವನ್ನು ಚಪ್ಪಟೆ ಮಾಡುತ್ತದೆ. ನಿನ್ನ ಒಂದೇ ಪದರದ ಕೋಶಗಳಿಗೆ ಅದರಿಂದ ತೊಂದರೆಯಿಲ್ಲ. ಪಿಎಚ್ 8.5 ಎಂದದ್ದು ಸುಮ್ಮನೆ ಅಲ್ಲ. ಎಫ್‌ಐಟಿಸಿಗೆ ಹುಳಿ ಆಗದು, ಪಿಎಚ್ 6.4ಕ್ಕೆ ಇಳಿದರೆ ಹೊಳಪು ಅರ್ಧಕ್ಕರ್ಧ ಹೋಗುತ್ತದೆ. ದುಡ್ಡು ಒದಗಿದರೆ ಎಫ್‌ಐಟಿಸಿಯನ್ನೇ ಬಿಟ್ಟು ಅಲೆಕ್ಸಾ ಫ್ಲೋರ್ 488 ಇರುವ ಆಂಟಿಬಾಡಿ ತೆಗೆದುಕೊ. ಅದೇ ಫಿಲ್ಟರು ಸಾಕು, ಬೆಳಕಿಗೂ ಹುಳಿಗೂ ಅಷ್ಟು ಬೇಗ ಜಗ್ಗುವುದಿಲ್ಲ.

ಕೆಂಪಿನ ಕಥೆಯೇ ಬೇರೆ. ಫ್ಯಾಲಾಯ್ಡಿನ್ ವಿಷದ ಅಣಬೆಯೊಂದರ ಚಿಕ್ಕ ಅಣು. ಅದು ಆಕ್ಟಿನ್ನಿಗೆ ಅಂಟಿಕೊಂಡಿರುತ್ತದೆಯೇ ಹೊರತು ಫಾರ್ಮಾಲ್ಡಿಹೈಡ್ ಅದನ್ನು ಕಟ್ಟಿಹಾಕಿಲ್ಲ. ದಿನ ಕಳೆದಂತೆ ಮೆಲ್ಲಗೆ ಬಿಟ್ಟುಹೋಗುತ್ತದೆ. ಇದಕ್ಕೆ ಕತ್ತಲೆಯೂ ಮದ್ದಲ್ಲ, ತಣ್ಣಗಿಟ್ಟರೂ ಕೆಲವು ದಿನದ ಮಾತು. ಫ್ಯಾಲಾಯ್ಡಿನ್ ಹಾಕಿದ ವಾರದೊಳಗೆ ಚಿತ್ರ ತೆಗೆದುಬಿಡು. ಡ್ಯಾಪಿ ಮಾತ್ರ ಡಿಎನ್‌ಎಯನ್ನು ತಬ್ಬಿಕೊಂಡು ಕೂತಿರುತ್ತದೆ, ಅದಕ್ಕೇ ನಿನಗೆ ನೀಲಿ ಉಳಿದದ್ದು.

ಇಡುವ ವಿಷಯ. ಮೋವಿಯಾಲ್ ಗಟ್ಟಿಯಾದ ಮೇಲೆ ಫ್ರಿಡ್ಜಿನ 4 ಡಿಗ್ರಿ ಸಾಕು. ಮುಚ್ಚುವ ಡಬ್ಬಿ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್. ಸ್ಲೈಡ್ ಮಲಗಿರಬೇಕು, ನಿಲ್ಲಿಸಬೇಡ. ಜುಲೈ, ಆಗಸ್ಟಿನಲ್ಲಿ ಬೆಂಗಳೂರಿನ ಗಾಳಿಯೇ ಒದ್ದೆ. ಫ್ರಿಡ್ಜಿನಿಂದ ತೆಗೆದ ಡಬ್ಬಿಯನ್ನು ತಕ್ಷಣ ತೆರೆದರೆ ಗಾಜಿನ ಮೇಲೆ ಬೆವರು ಕೂರುತ್ತದೆ. ಅರ್ಧ ಗಂಟೆ ಹಾಗೇ ಬಿಟ್ಟು ಆಮೇಲೆ ತೆರೆ.

ನಿನ್ನ ಗೈಡ್ ಸರ್‌ಗೆ ಒಂದು ಮಾತು ಹೇಳಬಹುದು, ಮೆತ್ತಗೆ. ಸ್ಟೇನ್ ಸರಿಯಾಗಿಯೇ ಇತ್ತು. ಸಾಕ್ಷಿ ಬೇಕಿದ್ದರೆ ಆ ಸ್ಲೈಡನ್ನೇ ತೆಗೆದು, ನೀನು ದಿನಾ ನೋಡುತ್ತಿದ್ದ ಜಾಗ ಬಿಟ್ಟು ಅಂಚಿನ ಕಡೆಗೆ 10ರ ಲೆನ್ಸ್ ಹಾಕು. ಅಲ್ಲಿ ಹಸಿರು ಇನ್ನೂ ಉಳಿದಿರುವ ಸಂಭವ ಹೆಚ್ಚು.

ಪ್ರಶ್ನೆ: ಮೇಡಂ, ನಾನು ನಗರದ ಒಂದು ಆರೋಗ್ಯ ಕೇಂದ್ರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಕ್ಷಯಕ್ಕೆ ಕಫದ ಸ್ಲೈಡನ್ನು ಆರಮಿನ್ ಎಂಬ ಹೊಳೆಯುವ ಬಣ್ಣ ಹಾಕಿ ಎಲ್‌ಇಡಿ ಮೈಕ್ರೊಸ್ಕೋಪಿನಲ್ಲಿ ನೋಡುತ್ತೇವೆ. ನಾನು ಪಾಸಿಟಿವ್ ಕೊಟ್ಟ ಎರಡು ಸ್ಲೈಡು ಮರುಪರೀಕ್ಷೆಯಲ್ಲಿ ನೆಗೆಟಿವ್ ಅಂತ ವಾಪಸು ಬಂದವು. ಕ್ಷಯದ ರೋಗಾಣು ಬ್ಯಾಸಿಲಸ್ಸನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಹೆಸರು ಕೆಡುತ್ತಿದೆ.
— ಬೆಂಗಳೂರು ಉತ್ತರ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಆರಮಿನ್ ಹಚ್ಚಿದ ಸ್ಲೈಡಿಗೆ ಕವರ್‌ಸ್ಲಿಪ್ ಇಲ್ಲ, ಆಂಟಿಫೇಡ್ ಇಲ್ಲ, ಗಾಳಿಗೆ ಬೆತ್ತಲೆ. ಬೆಳಕು, ಸೆಕೆ, ತೇವ ಮೂರೂ ಸೇರಿ ಬಣ್ಣ ಕಳೆಯುತ್ತವೆ. ಅದೇ ದಿನ ನೋಡಿ ವರದಿ ಬರೆಯುವುದಕ್ಕೆ ಆ ಬಣ್ಣ ಸರಿ. ವಾರಗಟ್ಟಲೆ ಡಬ್ಬಿಯಲ್ಲಿ ಕೂತು ಮರುಪರೀಕ್ಷೆಗೆ ಹೋಗುವ ಹೊತ್ತಿಗೆ ಮಸುಕಾಗಿರುವುದು ಆಶ್ಚರ್ಯವಲ್ಲ. ಹಾಗಂತ ನಿಮ್ಮದು ತಪ್ಪೇ ಇಲ್ಲವೆಂದು ಇಲ್ಲಿಂದ ಹೇಳಲಾರೆ, ಎಲ್ಲವನ್ನೂ ಬಣ್ಣದ ತಲೆಗೆ ಕಟ್ಟುವುದೂ ಸರಿಯಲ್ಲ.

ಎರಡು ಕಡೆ ಕಣ್ಣಿಡಿ. ಹಿನ್ನೆಲೆಯ ಹೊಳಪು ಆರಿಸಲು ಪರ್ಮಾಂಗನೇಟ್ ಹಾಕಿ ಬೇರೆ ಸ್ಲೈಡಿನ ಗಡಿಬಿಡಿಯಲ್ಲಿ ಹೊತ್ತು ಮೀರಿಸಿದರೆ ಹಿನ್ನೆಲೆಯ ಜೊತೆಗೆ ಬ್ಯಾಸಿಲಸ್ಸಿನ ಹೊಳಪೂ ಆರುತ್ತದೆ. ಅಂಥ ಸ್ಲೈಡು ಮೊದಲ ದಿನವೇ ಬಡಕಲು, ಆಮೇಲೆ ಬೇಗ ಸಾಯುತ್ತದೆ. ಎರಡನೆಯದು, ಒಣಗಲೆಂದು ಕಿಟಕಿಯ ಕಟ್ಟೆಯ ಮೇಲೆ ಇಡುವ ಅಭ್ಯಾಸ. ನಾನು ಹೋದ ಎಷ್ಟೋ ಲ್ಯಾಬುಗಳಲ್ಲಿ ಅದೇ ಜಾಗ. ಒಳಗಿನ ಕಪಾಟಿನಲ್ಲಿ ಒಣಗಿಸಿ, ಒಂದಕ್ಕೊಂದು ತಾಗದಂತೆ ಮುಚ್ಚಿದ ಡಬ್ಬಿಯಲ್ಲಿಡಿ.

ವಾಪಸು ಬಂದ ಆ ಎರಡು ಸ್ಲೈಡು ಇನ್ನೂ ಇದ್ದರೆ ಎಸೆಯಬೇಡಿ. ಬಣ್ಣ ಹೋಗಿದೆ, ಬ್ಯಾಸಿಲಸ್ ಹೋಗಿಲ್ಲ. ಮತ್ತೆ ಆರಮಿನ್ ಹಾಕಬಹುದು, ಇಲ್ಲವೇ ಅದರ ಮೇಲೆಯೇ ಝೀಲ್-ನೀಲ್ಸನ್, ಅಂದರೆ ಸಾದಾ ಬೆಳಕಿನಲ್ಲಿ ನೋಡುವ ಕೆಂಪು ಬಣ್ಣ, ಮಾಡಬಹುದು. ಆದರೆ ಝೀಲ್-ನೀಲ್ಸನ್ ಮಾಡಿದ ಮೇಲೆ ಆರಮಿನ್‌ಗೆ ಮರಳುವ ದಾರಿಯಿಲ್ಲ. ಮೇಲ್ವಿಚಾರಕರಿಗೆ ಬರೆದು ಕೇಳಿ, ಅವರ ಎದುರಿಗೇ ಮಾಡಿ. ನೀವೊಬ್ಬರೇ ಕೂತು ಮರುಬಣ್ಣ ಹಾಕಿ ‘ನೋಡಿ, ಇದೆ’ ಎಂದರೆ ಯಾರೂ ನಂಬುವುದಿಲ್ಲ.

ಪ್ರಶ್ನೆ: ಕವರ್‌ಸ್ಲಿಪ್ ಅಂಚಿಗೆ ಹಚ್ಚಲು ಯಾವ ನೈಲ್ ಪಾಲಿಶ್ ಒಳ್ಳೆಯದು?
— ಯಲಹಂಕ

ಉತ್ತರ: ಬಣ್ಣವಿಲ್ಲದ್ದು. ಕೆಂಪು, ಮಿನುಗಿನದ್ದು ಮದುವೆಗೆ ಇಟ್ಟುಕೊಳ್ಳಿ. ಅದರಲ್ಲಿ ತಾನೇ ಹೊಳೆಯುವ ವಸ್ತುಗಳಿರುತ್ತವೆ. ಮಾದರಿಯಲ್ಲಿ ಜಿಎಫ್‌ಪಿ ಇದ್ದರೆ ಇನ್ನೂ ಎಚ್ಚರ. 2008ರ ರಸಾಯನಶಾಸ್ತ್ರದ ನೊಬೆಲ್ ತಂದುಕೊಟ್ಟ ಆ ಅಂಬಲಿ ಮೀನಿನ (ಜೆಲ್ಲಿ ಫಿಶ್) ಹಸಿರು ಪ್ರೋಟೀನು ಪಾಲಿಶ್‌ನ ದ್ರಾವಕ ಒಳಗೆ ನುಸುಳಿದರೆ ನಂದಿಹೋಗಬಹುದು. ಗಟ್ಟಿಯಾಗುವ ಮೌಂಟ್ ಹಾಕಿ, ಪೂರ್ತಿ ಗಟ್ಟಿಯಾದ ಮೇಲಷ್ಟೇ ಅಂಚು ಮುಚ್ಚಿ. ಕವರ್‌ಸ್ಲಿಪ್ 1.5 ನಂಬರಿನದು, 0.17 ಮಿ.ಮೀ. ದಪ್ಪದ್ದು, ಇರಲಿ.

ಪ್ರಶ್ನೆ: ನಾನು ಕೆಂಗೇರಿಯ ಕಡೆ ಪ್ರೌಢಶಾಲೆಯ ಶಿಕ್ಷಕ. ವಿಜ್ಞಾನ ಪ್ರದರ್ಶನಕ್ಕೆ ಅರಿಶಿನದ ಸ್ಲೈಡ್ ಮಾಡಿ ನೇರಳಾತೀತ ಟಾರ್ಚ್ ಬಿಟ್ಟು ತೋರಿಸಿದೆವು. ಮಕ್ಕಳಿಗೆ ಬಹಳ ಇಷ್ಟವಾಯಿತು. ಮೂರನೇ ದಿನಕ್ಕೆ ಹೊಳಪು ಹೋಯಿತು. ವರ್ಷವಿಡೀ ಉಳಿಯುವಂತೆ ಮಾಡುವುದು ಹೇಗೆ?

ಉತ್ತರ: ಯಾಕೆ ಉಳಿಸಬೇಕು, ಸರ್? ಒಂದು ಚಿಟಿಕೆ ಅರಿಶಿನ, ಅರ್ಧ ಚಮಚ ಸರ್ಜಿಕಲ್ ಸ್ಪಿರಿಟ್. ಪ್ರತಿ ವರ್ಷ ಹೊಸ ಮಕ್ಕಳ ಕೈಯಿಂದಲೇ ಹೊಸದು ಮಾಡಿಸಿ. ನೀರಿನಲ್ಲಿ ಕಲಸಬೇಡಿ, ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ನೀರಿನಲ್ಲಿ ಹೊಳೆಯುವುದು ಅಷ್ಟಕ್ಕಷ್ಟೇ. ಸ್ಪಿರಿಟ್ಟಿನಲ್ಲಿ, ಎಣ್ಣೆಯಲ್ಲಿ ಜೋರು. ಸ್ಲೈಡಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಅನುಕೂಲ, ಸ್ಪಿರಿಟ್ಟಿನ ಹಾಗೆ ಆರುವುದಿಲ್ಲ. ಸುಣ್ಣ ಮಾತ್ರ ಹತ್ತಿರ ತರಬೇಡಿ, ಆರತಿ ನೀರಿನ ಹಾಗೆ ಕೆಂಪಾಗಿ ಹಾಳಾಗುತ್ತದೆ.

ಬಸಳೆ ಸೊಪ್ಪು ಅರೆದು ಸ್ಪಿರಿಟ್ಟಿನಲ್ಲಿ ಸೋಸಿ ಅದೇ ಟಾರ್ಚ್ ಬಿಡಿ, ಹಸಿರು ನೀರು ರಕ್ತದಂತೆ ಕೆಂಪಗೆ ಹೊಳೆಯುತ್ತದೆ. ಹಿಂದಿನ ಬೆಂಚಿನ ಹುಡುಗರೂ ಎದ್ದು ಬರುತ್ತಾರೆ. ಟಾರ್ಚನ್ನು ಎಸ್.ಪಿ. ರಸ್ತೆಯಲ್ಲಿ ನೋಟು ನೋಡುವ ಟಾರ್ಚ್ ಅಂತ ಕೇಳಿ. ಯಾರ ಕಣ್ಣಿಗೂ ಬಿಡದಂತೆ ನೋಡಿಕೊಳ್ಳಿ.

ಬಾಡದ ಹೊಳಪೇ ಬೇಕೆಂದರೆ ಕಲ್ಲಿಗೆ ಹೋಗಬೇಕು. 1852ರಲ್ಲಿ ವಿಜ್ಞಾನಿ ಸ್ಟೋಕ್ಸ್, ಬೆಳಕು ನುಂಗಿ ಬೇರೆ ಬಣ್ಣದಲ್ಲಿ ಹೊಳೆಯುವ ಈ ವಿದ್ಯಮಾನಕ್ಕೆ (ಕನ್ನಡದಲ್ಲಿ ಪ್ರತಿದೀಪ್ತಿ) ಇಂಗ್ಲಿಷಿನಲ್ಲಿ ಫ್ಲೋರೊಸೆನ್ಸ್ ಎಂದು ಹೆಸರಿಟ್ಟದ್ದೇ ಫ್ಲೋರೈಟ್ ಕಲ್ಲಿನ ಮೇಲಿಂದ. ಕಲ್ಲಿನಲ್ಲಿ ಹೊಳೆಯುವ ಅಯಾನು ಹರಳಿನ ಗೂಡಿನೊಳಗೆ ಭದ್ರವಾಗಿ ಕೂತಿರುತ್ತದೆ, ನಮ್ಮ ಬಣ್ಣಗಳ ಹಾಗೆ ಆಮ್ಲಜನಕದ ಕೈಗೆ ಸಿಕ್ಕಿ ಮುರಿಯುವುದಿಲ್ಲ. ಬೆಂಗಳೂರಿನಲ್ಲೇ ಇದ್ದ ಸರ್ ಸಿ.ವಿ. ರಾಮನ್ ಅವರಿಗೂ ಖನಿಜಗಳ ಸಂಗ್ರಹವೆಂದರೆ ಪ್ರಾಣ. ಅವರ ಕಥೆಯಲ್ಲಿ ಮಕ್ಕಳಿಗೆ ಹೇಳಲು ಇನ್ನೊಂದು ತುಣುಕಿದೆ: 1923ರಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್ ದ್ರವದಲ್ಲಿ ಚದುರಿದ ಬೆಳಕಿನ ಜೊತೆಗೆ ಕಂಡ ಬೇರೆ ಬಣ್ಣದ ಕ್ಷೀಣ ಬೆಳಕನ್ನು ಮೊದಲು ಪ್ರತಿದೀಪ್ತಿ ಎಂದೇ ಭಾವಿಸಿದ್ದರು, ನೀರಿನ ಕಲ್ಮಶದ್ದಿರಬೇಕೆಂದು. ಅದು ಪ್ರತಿದೀಪ್ತಿಯಲ್ಲ, ಬೇರೆಯದೇ ಎಂದು ಖಚಿತವಾದದ್ದು 1928ರಲ್ಲಿ. ಅದೇ ರಾಮನ್ ಪರಿಣಾಮ.

ಪ್ರಶ್ನೆ: ನಾನು ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕ. 1980ರ ದಶಕದಲ್ಲಿ ಕೈಯಾರೆ ಮಾಡಿದ ಸ್ಲೈಡುಗಳು ಮರದ ಡಬ್ಬಿಯಲ್ಲಿವೆ. ಹಿಮಟಾಕ್ಸಿಲಿನ್-ಈಯೋಸಿನ್ (ನೀಲಿ ಮತ್ತು ಗುಲಾಬಿ ಬಣ್ಣ), ಡಿಪಿಎಕ್ಸ್ ಎಂಬ ಅಂಟಿನ ಮೌಂಟ್. ಗುಲಾಬಿ ಸ್ವಲ್ಪ ಬಿಳಚಿಕೊಂಡಿದೆ. ಹೊಸ ಕಾಲದ ಫ್ಲೋರೊಸೆಂಟ್ ಮೈಕ್ರೊಸ್ಕೋಪಿನಲ್ಲಿ ಇವಕ್ಕೆ ಏನಾದರೂ ಬೆಲೆ ಇದೆಯೇ?
— ಜಯನಗರ

ಉತ್ತರ: ಇದೆ ಸರ್. ಈಯೋಸಿನ್ ಫ್ಲೋರೊಸೀನಿನ ವಂಶದ್ದೇ, ಬ್ರೋಮಿನ್ ಸೇರಿಸಿದ ದಾಯಾದಿ. ಎಫ್‌ಐಟಿಸಿ ಫಿಲ್ಟರ್ ಹಾಕಿ ನೀಲಿ ಬೆಳಕು ಬಿಟ್ಟರೆ ನಿಮ್ಮ ಗುಲಾಬಿ ಸ್ಲೈಡು ಹಸಿರು-ಹಳದಿಯಾಗಿ ಹೊಳೆಯುತ್ತದೆ. ಸ್ನಾಯುವಿನ ಎಳೆ, ಕೆಂಪು ರಕ್ತಕಣ ಸಾದಾ ಬೆಳಕಿನಲ್ಲಿ ಕಾಣದಷ್ಟು ಬಿಡಿಬಿಡಿಯಾಗಿ ಕಾಣಬಹುದು. ನೀರು ಪೂರ್ತಿ ತೆಗೆದು ಡಿಪಿಎಕ್ಸ್‌ನಲ್ಲಿ ಮುಚ್ಚಿ, ಮರದ ಡಬ್ಬಿಯ ಕತ್ತಲೆಯಲ್ಲಿಟ್ಟದ್ದಕ್ಕೇ ಇಷ್ಟು ಕಾಲ ಉಳಿದಿದೆ. ಬಿಳಚಿಕೊಂಡವನ್ನು ಕೆರೆದು ತೆಗೆಯಬೇಡಿ. ಬೇಕೇ ಬೇಕಾದರೆ ಕ್ಸೈಲೀನಿನಲ್ಲಿ ದಿನಗಟ್ಟಲೆ ನೆನೆಸಿದರೆ ಕವರ್‌ಸ್ಲಿಪ್ ತಾನೇ ಬಿಡುತ್ತದೆ, ಈಯೋಸಿನ್ ಮತ್ತೆ ಹಾಕಬಹುದು. ಹತ್ತಿರದ ಕಾಲೇಜಿನಲ್ಲಿ ಫ್ಲೋರೊಸೆಂಟ್ ಮೈಕ್ರೊಸ್ಕೋಪ್ ಇದ್ದರೆ ಒಂದು ಮಧ್ಯಾಹ್ನ ಕೇಳಿಕೊಂಡು ಹೋಗಿ. ಎರಡು ಒಳ್ಳೆಯ ಸ್ಲೈಡ್ ಸಾಕು, ಎಲ್ಲವನ್ನೂ ಒಯ್ಯಬೇಡಿ. ಮನೆಯವರು ಡಬ್ಬಿಯನ್ನು ಗುಜರಿಗೆ ಹಾಕುತ್ತೇವೆಂದರೆ ಪತ್ರಿಕೆಯ ಕಚೇರಿಗೆ ಒಂದು ಸಾಲು ಬರೆದು ತಿಳಿಸಿ. ಆ ಮರದ ಡಬ್ಬಿ ಈಗ ಸಿಗುವುದಿಲ್ಲ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.